ಮೂರನೇ ಬಕೆಟ್ಟು

ಮೊದಲನೇ ಬಕೆಟ್ಟು ಸೋಪು ಬಿಡಿಸಲಿಕ್ಕೆ,
ಎರಡನೆಯದು ಸೋಪು ಬಿಟ್ಟಿತೋ ಇಲ್ಲವೋ ನೋಡಲಿಕ್ಕೆ.
ಒಂದು ಚೂರು ನೊರೆ ಉಳಿದರೂ ನೀಲಿ ಕೂರುವುದಿಲ್ಲ ಪ್ರಣಾಲಿ,
ಮುನಿಸಿಕೊಂಡ ನೆಂಟರ ಹಾಗೆ
ಅಂಚಿನಲ್ಲೇ ನಿಂತುಬಿಡುತ್ತದೆ.
ಮೂರನೆಯದಕ್ಕೆ ಅವಸರ ಬೇಡ.

ಪುಡಿಯನ್ನು ಹಾಗೇ ಸುರಿಯಬಾರದು ಮಾರಾಯ್ತಿ.
ಹಳೇ ಪಂಚೆಯ ಚೂರಿನಲ್ಲಿ ಗಂಟು ಕಟ್ಟು,
ನೀರಿಗೆ ಅದ್ದಿ ಒಂದು ಸುತ್ತು ತಿರುಗಿಸು,
ಒದ್ದೆ ಸೌದೆಯ ಹೊಗೆಯ ಹಾಗೆ ಏಳುತ್ತದಲ್ಲ,
ಅಷ್ಟೇ, ಎತ್ತು.
ಬೊಗಸೆಯಲ್ಲಿ ತೆಗೆದು ನೋಡು:
ಅಂಗೈಯ ಗೆರೆ ಕಾಣಬೇಕು,
ಗೆರೆಯೊಳಗಿನ ಕೊಳೆ ಕಾಣಬಾರದು.
ಆಯಿ ಹೇಳಿಕೊಟ್ಟ ಅಳತೆ ಇದು.
ಚಮಚ ಗಿಮಚ ನನಗೆ ತಿಳಿಯದು.

ಇದು ನಳದ ನೀರು, ಇನ್ನೊಂದು ಸುತ್ತು ಬೇಕು.
ಪೈಪಿನ ತುಕ್ಕು, ಚಿರೆಕಲ್ಲಿನ ಕೆಂಪು,
ಬಿಳಿ ಅಂಗಿಗೆ ಆರು ತಿಂಗಳಲ್ಲಿ ಬೀಡಿ ಸೇದುವವನ ಹಲ್ಲಿನ ಬಣ್ಣ.
ಅರ್ಗಾದ ನಮ್ಮ ಬಾವಿಗೆ ಅರ್ಧ ಸುತ್ತು ಸಾಕಿತ್ತು.
ನೂರು ಹೆಜ್ಜೆಗೆ ಸಮುದ್ರ,
ಆದರೂ ಸಿಹಿ ನೀರು, ಯಾಕೆಂದು ಯಾರೂ ಕೇಳಲಿಲ್ಲ.
ಒಂದೇ ಹಗ್ಗದ ಮೇಲೆ
ಪೈ ಮಾಸ್ತರರ ಧೋತರ, ಪಾದ್ರಿಯ ನಿಲುವಂಗಿ,
ನರ್ಸ್ ಎಸ್ಪೆರಾನ್ಸಾಬಾಯಿಯ ಸೀರೆ
ಒಂದರ ಮೈಮೇಲೆ ಒಂದು ಬಿದ್ದು ಹೊರಳುತ್ತಿದ್ದವು,
ಸಂಜೆ ಮಡಿಚಿ ಕೊಟ್ಟರೆ ಮತ್ತೆ ಗಂಭೀರ.

ಇನ್ನೊಂದು ಮಾತು, ಗಿರಾಕಿಗೆ ಹೇಳುವಂಥದ್ದಲ್ಲ.
ನೀಲಿ ಕೊಳೆ ತೆಗೆಯುವುದಿಲ್ಲ.
ಹಳದಿ ಇದ್ದಲ್ಲೇ ಇರುತ್ತದೆ,
ನೋಡುವವನ ಕಣ್ಣಷ್ಟೇ ದಾರಿ ತಪ್ಪುತ್ತದೆ.

ನೋಟೀಸು ಬಂದ ವಾರ ಆಯಿಯ ಕೈ ತಪ್ಪಿತು.
ಇಡೀ ಹೊರೆ ಮಿಂಚುಳ್ಳಿಯ ರೆಕ್ಕೆ!
ಲಿಂಬೆ ಹಿಂಡಿ, ಮತ್ತೆ ಜಾಲಿಸಿ, ಮತ್ತೆ ಹಿಂಡಿ,
ಆದರೂ ಪಟ್ಟೆಪಟ್ಟೆ.
ಪೈ ಮಾಸ್ತರರು ಅದನ್ನೇ ಉಟ್ಟು ಶಾಲೆಗೆ ಹೋದರು.
ಆ ವಾರ ಊರಲ್ಲಿ ಯಾರೂ
ಯಾರ ಬಟ್ಟೆಯನ್ನೂ ನೋಡುತ್ತಿರಲಿಲ್ಲ.

ಲಾರಿ ಬಂತು.
ಒಗೆಯುವ ಕಲ್ಲು ಹೇರಲಿಕ್ಕೆ ಡ್ರೈವರ್ ಒಪ್ಪಲಿಲ್ಲ.
ಆಯಿ ಜಗಳ ಮಾಡಲಿಲ್ಲ, ಅದೇ ನನಗೆ ಹೆದರಿಕೆ.
ಒಳಗೆ ಹೋಗಿ ನೀಲಿಯ ಡಬ್ಬಿ ತಂದಳು,
ನಾಲ್ಕು ತಿಂಗಳಿಗೆ ಆಗುವಷ್ಟಿತ್ತು,
ಬಾವಿಗೆ ಸುರಿದಳು.
ಗಂಟು ಕಟ್ಟದೆ.
ನಾನು ಬಗ್ಗಿ ನೋಡುವಷ್ಟರಲ್ಲಿ
ಅಪ್ಪ ರಟ್ಟೆ ಹಿಡಿದು ಎಳೆದ.
ಯಾರಾದರೂ ಸೇದಿರಬಹುದು ಆಮೇಲೆ,
ಕೊಡ ಎತ್ತಿ ಬೆಚ್ಚಿರಬಹುದು.
ಸೇದಲಿಕ್ಕೆ ಯಾರಿದ್ದರು?

ಈಗ ಬರುವುದೆಲ್ಲ ನೇವಿಯ ಬಿಳಿ.
ಬೇಲಿಯ ಒಳಗಿನಿಂದ ಶನಿವಾರ ಶನಿವಾರ ಗಂಟು.
ಮುಖ ಗೊತ್ತಿಲ್ಲ, ಕಾಲರಿನ ನಂಬರೇ ಹೆಸರು.
ಒಬ್ಬ ಮಾತ್ರ ತಾನೇ ಹೊತ್ತು ತರುತ್ತಾನೆ,
ಮಹಿಪಾಲ, ಎಲ್ಲೋ ಮರಳುಗಾಡಿನ ಕಡೆಯವ,
ಸಮುದ್ರ ಕಂಡದ್ದೇ ನೌಕರಿ ಸಿಕ್ಕ ಮೇಲೆ.
ಒಳಗೆ ಕಬ್ಬಿಣದ ಜಾಳಿಗೆ ಹಾಕಿದ ಬಾವಿಯೊಂದು ಇದೆಯಂತೆ,
ಪಕ್ಕದಲ್ಲಿ ಚಪ್ಪಟೆ ಕಲ್ಲು.
ಅದರ ಮೇಲೆ ಕೂತರೆ ಸಿಗ್ನಲ್ ಚೆನ್ನಾಗಿ ಸಿಗುತ್ತದಂತೆ,
ತಾಯಿಗೆ ಫೋನು ಮಾಡುತ್ತಾನಂತೆ.

ನೀರು ಯಾವ ಬಣ್ಣ ಅಂತ ಕೇಳಿದೆ,
ನನ್ನ ಹರಕು ಹಿಂದಿಯಲ್ಲಿ.
ನೀರಿಗೆ ಎಂಥ ಬಣ್ಣ ಮೌಶಿ, ಅಂದ.

ನಗಬೇಡ. ಹಿಂಡು.
ಜೋರಾಗಿ ಜಾಡಿಸಿ ಹರವು, ಅಲ್ಲಲ್ಲಿ ನೀಲಿ ನಿಂತೀತು.
ಉಳಿದ ನೀರು ಚೆಲ್ಲಬೇಡ, ಚಾದರಕ್ಕೆ ಆಗುತ್ತದೆ.
ಮತ್ತೆ, ಆ ಪ್ಯಾಂಟು ಬಿಡು,
ಹಿಂಬದಿಗೆ ಪಾಚಿ ಹತ್ತಿದೆಯಲ್ಲ, ಅದು.
ಅದನ್ನು ನಾನು ನೋಡಿಕೊಳ್ಳುತ್ತೇನೆ.